ಬೇಗಂ ಗಾಡಿ

ಇರಕಲ್ಲಗಡ
ಸೋಮವಾರ, 9 ನವೆಂಬರ್ 1942

ಎದ್ದ ಕೂಡ್ಲೆ ಕಾರಿನ ಶೆಡ್ಡಿಗೆ ಹೋದೆ. ಆಳು ಆದೆಪ್ಪ ವಾಯರ್ ಬಿಚ್ಚಿ ಸುತ್ತಿ ಇಟ್ಟಿದ್ದ. ರಾತ್ರಿಯೆಲ್ಲ ನಮ್ಮ ಹತ್ತಿ ಬಿಡಿಸೂ ಜಿನ್ನಿನ ಡೈನಮೋದಿಂದ ಕರೆಂಟ್ ಕುಡದೈತಿ. ಚಾರ್ಜ್ ಪೂರ್ತಿ. ಗಾಜಿನ ಕಪಾಟಿನಂಥಾ ಕಾರು, ಅಮೇರಿಕಾದ್ದು, ಹಳೇದು. ಪೆಟ್ರೋಲ್ ಬ್ಯಾಡ, ಹ್ಯಾಂಡಲ್ ತಿರುವೂದು ಬ್ಯಾಡ, ಹೊಗಿ ಇಲ್ಲ. ಬ್ಯಾಟ್ರಿ ತುಂಬಿದ್ರ ಕೊಪ್ಪಳಕ್ಕ ಹೋಗಿ ಬರತೈತಿ. ಅದಕ್ಕಿಂತ ದೂರ ಇಲ್ಲ. ಇರ್ಲಿ. ಯುದ್ಧ ಶುರುವಾಗಿ ಪೆಟ್ರೋಲ್ ಸಿಗಲಾರದ್ದಕ್ಕ ಸುತ್ತಲಿನ ಸಾವ್ಕಾರ್ರ ಮೋಟಾರೆಲ್ಲ ಧೂಳು ತಿನ್ನಾಕತ್ತಾವ. ಓಡೂದು ನಂದೊಂದ.

ಕೊಪ್ಪಳದಾಗ ಹತ್ತಿ ದಲಾಲ ಲಕ್ಷ್ಮಣಪ್ಪನ ಅಂಗಡಿ ಮುಂದ ನಿಲ್ಲಿಸಿದೆ. ಮಂದಿ ಸೇರಿತು. ಲಕ್ಷ್ಮಣಪ್ಪ ಒಂದು ಸುತ್ತು ಹಾಕಿ ನೋಡಿದ.

"ಉಮಾಪತಿ, ಇದು ಬೇಗಂ ಗಾಡಿ ಅಲ್ಲೇನೋ? ಹೈದರಾಬಾದಿನ್ಯಾಗ ನೋಡೀನಿ. ನವಾಬರ ಮನಿ ಹೆಂಗಸರು ನಡಸ್ತಿದ್ರು. ನೀ ಬುರ್ಖಾ ಹಾಕ್ಕೊಂಡು ಬಂದಿದ್ರ ಒಪ್ಪತಿತ್ತು."

ಎಲ್ಲಾರೂ ನಕ್ಕರು. ನಾನೂ ನಕ್ಕೆ...

ಮನಿಗೆ ಬಂದು ಆದೆಪ್ಪಗ ಎರಡು ಬಾರಿಸಿದೆ. ಸೀಟಿನ ಮ್ಯಾಲ ಧೂಳು ಅಂತ. ಧೂಳು ಇದ್ದಿಲ್ಲ.

ಭಾನುವಾರ, 22 ನವೆಂಬರ್

ಪೊಲೀಸ್ ಅಮೀನಸಾಹೇಬ ಊಟಕ್ಕ ಬಂದಿದ್ದ. ಬೇಗಂ ಗಾಡಿ ಮಾತು ಅವನ ಕಿವಿಗೂ ಬಿದ್ದೈತಿ. ಹೌದ್ರಿ, ಹೆಂಗಸರೂ ನಡಸಬಹುದು, ತಮಾಷಾ ನೋಡ್ರಿ ಅಂತ ಪಂಪಾವತೀನ್ನ ಹೊರಗ ಕರದೆ. ನನ್ನ ಹೇಂತಿ. ಮದಿವ್ಯಾಗಿ ನಾಕು ವರ್ಷ, ಗಂಡಸರ ಮುಂದ ನಿಂತಾಕಿ ಅಲ್ಲ. ಅಂಜತಾಳ, ಗ್ವಾಡಿಗೆ ಹಾಯಸ್ತಾಳ, ನಗೂದು — ಅಂದ್ಕೊಂಡಿದ್ದೆ.

ಸೆರಗು ಸೊಂಟಕ್ಕ ಸಿಗಿಸಿ ಕೂತ್ಲು. ಕಿಟಕ್ಯಾಗಿಂದ ನಾ ನಡಸೂದು ನೋಡಿ ಕಲತಿರಬೇಕು, ಲಿವರ್ ಮುಂದಕ್ಕ ಒತ್ತಿದ್ಲು. ಹತ್ತಿ ಬಂಡಿಗಳ ನಡುವ ನುಸುಳಿಸಿ, ಹೊಳ್ಳಿಸಿ, ತಂದು ನಿಲ್ಲಿಸಿದ್ಲು. ನಾ ಇಲ್ಲೀತನಕ ಅಷ್ಟು ನಾಜೂಕ ಹೊಳ್ಳಿಸಿಲ್ಲ. ಅಮೀನ ಚಪ್ಪಾಳಿ ಹೊಡದ. ಹಮಾಲ್ರೂ ಹೊಡದ್ರು. ಆಕಿ ನಕ್ಕಳು. ನಾಕು ವರ್ಷದಾಗ ಆ ನಗಿ ನಾ ನೋಡಿದ್ದಿಲ್ಲ.

ಕೀಲಿ ಕಸಗೊಂಡೆ. ಇನ್ನ ಮುಟ್ಟಬ್ಯಾಡ ಅಂದೆ.

ಗುರುವಾರ, 3 ಡಿಸೆಂಬರ್, ಸಂಜಿ

ಜಿನ್ನಿನ ಎಂಜಿನ್ನಿಗೆ ಎಣ್ಣಿ ಬಂದಿಲ್ಲ. ಜಿನ್ನು ಬಂದ್, ಚಾರ್ಜೂ ಬಂದ್. ಇದ್ದಬಿದ್ದ ಚಾರ್ಜ್ ನಿನ್ನೆ ಅಮೀನನ ಜೋಡಿ ಶಿಕಾರಿಗೆ ಹೋಗಿ ಮುಗಿಸಿದ್ದೆ. ಹೊಳ್ಳಿ ಬರುವಾಗ ಕಾರು ತೆವಳತಿತ್ತು.

ಮುಂಜಾನೆ ಬ್ಯಾಟ್ರಿಗೆ ತೇಜಾಬು, ಆ ಸುಡೂ ಆಸಿಡ್ಡು, ಹಾಕು ಅಂದೆ ಆದೆಪ್ಪಗ.

"ಜಾಡಿ ಭಾಳ ವಜ್ಜ ಐತ್ರಿ ಧಣಿ. ಇನ್ನೊಬ್ಬ ಬೇಕ್ರಿ."

"ಒಬ್ಬನ ಎತ್ತಲೇ."

ಎತ್ತಿದ. ಜಾರಿತು. ಮಾರಿ ಮ್ಯಾಲ ಸುರುವಿತು.

ಅವನ ಹೇಂತಿ ಹುಲಿಗವ್ವ ಕೊಡದ ಮ್ಯಾಲ ಕೊಡ ನೀರು ಹೊಯ್ದಳು. ಪಂಪಾವತಿ ಒಳಗಿಂದ ಓಡಿ ಬಂದು, ಅವನ ತಲಿ ತೊಡಿ ಮ್ಯಾಲ ಇಟಗೊಂಡು, ರೆಪ್ಪಿ ಬಿಡಿಸಿ ನೀರು ಬಿಟ್ಟಳು. ಕೂಲಿಯವನ ತಲಿ. ಎಲ್ಲಾರ ಮುಂದ.

"ಬಂಡಿ ಹೂಡ್ರಿ, ಕೊಪ್ಪಳದ ದವಾಖಾನಿಗೆ ಒಯ್ಯೂಣು" ಅಂತ ಒದರಿದ್ಲು. ಹಮಾಲ ಪಕ್ಕೀರಪ್ಪ ಎತ್ತು ತಂದ.

ನಾ ಹೋಗಿ ಕೀಲಿ ಕೊಟ್ಟೆ. "ಬಂಡಿ ಯಾಕ? ಕಾರು ಒಯ್ಯಿ. ಲಗೂನ ಮುಟ್ಟತೀರಿ."

"ಚಾರ್ಜ್ ಐತೇನ್ರಿ?"

"ಐತಿ."

ಎತ್ತು ಹೊಳ್ಳಿ ಕೊಟ್ಟಿಗಿಗೆ ಹೋದುವು.

ನಡು ಹಾದ್ಯಾಗ ನಿಲ್ಲಲಿ. ಮಂದಿ ನೋಡ್ಲಿ. ಆಮ್ಯಾಲೆ ಕನಸಿನ್ಯಾಗೂ ಆ ಲಿವರ್ ಮುಟ್ಟೂದಿಲ್ಲ — ಇದು ನನ್ನ ತಲ್ಯಾಗ ಇದ್ದದ್ದು. ಆದೆಪ್ಪನ ಕಣ್ಣಿನ ವಿಚಾರ ಹೊಳೀಲಿಲ್ಲ ಅಂತ ಬರದ್ರ ಸುಳ್ಳಾಗತೈತಿ. ಹೊಳೀತು. ಕೀಲಿ ಕೊಡೂಕಿಂತ ಮೊದಲ.

ಕುದುರಿ ಹತ್ತಿ ಹಿಂದಿಂದ ಹೋದೆ. ಗುಡ್ಡದ ಏರಿನ್ಯಾಗ ನಿಂತಿತ್ತು ಕಾರು. ಬಂಡೆಗಲ್ಲಿನ ಮರೆಗೆ ನಿಂತು ನೋಡಿದೆ. ಇಬ್ಬರೂ ಹೆಂಗಸರು ದೂಡಾಕತ್ತಿದ್ರು. ಕುರಿ ಕಾಯೋರು ನಿಂತು ನೋಡಾಕತ್ತಿದ್ರು. ಒಳಗಿಂದ ಆದೆಪ್ಪನ ದನಿ — "ಅವ್ವಾರ, ಕೊಪ್ಪಳ ಬಂತೇನ್ರಿ?"

ಕಡೀಕ ಕಾರು ಅಲ್ಲೇ ಬಿಟ್ಟು ನಡದ್ರು. ಅವನ ಕೈ ಪಂಪಾವತಿ ಹೆಗಲ ಮ್ಯಾಲ.

ಮನಿಗೆ ಬಂದು ಉಂಡೆ. ರುಚಿ ಇತ್ತು.

ಶನಿವಾರ, 5 ಡಿಸೆಂಬರ್

ಪಂಪಾವತಿ ಬಂದ್ಲು. ಅಂಗೈ ಎರಡೂ ತೇಜಾಬಿಗೆ ಸುಟ್ಟಾವ. ಕೊಪ್ಪಳ ಮುಟ್ಟೂದ್ರಾಗ ಹೊತ್ತು ಮುಳುಗಿತ್ತಂತ. ಲಗೂ ತಂದಿದ್ರ ಒಂದು ಕಣ್ಣರೆ ಉಳಸ್ತಿದ್ದೆ ಅಂದನಂತ ಡಾಕ್ಟರ್.

"ಚಾರ್ಜ್ ಇದ್ದಿಲ್ಲ ಅನ್ನೂದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಸುಳ್ಳು ಹೇಳಬಹುದಿತ್ತು. ಆಕಿ ಮಾರಿ ಹ್ಯಾಂಗಾಗತೈತಿ ಅಂತ ನೋಡೂದಿತ್ತು. ಏನೂ ಆಗಲಿಲ್ಲ. ಒಳಗ ಹೋದ್ಲು.

ಸೋಮವಾರ, 11 ಜನವರಿ 1943

ಆದೆಪ್ಪನ ಕೆಲಸ ಈಗ ಪಕ್ಕೀರಪ್ಪಂದು. ಕುರುಡ ಸುಮ್ಮನ ಜಿನ್ನಿನ ಬಾಗಿಲಾಗ ಕೂಡತಾನ. ಹತ್ತಿ ತಂದವರು ಅವನ್ನ ನೋಡತಾರ, ಆಮ್ಯಾಲೆ ನನ್ನ ನೋಡತಾರ. ಇವತ್ತು ಆ ಗಂಡ ಹೇಂತಿ ಇದ್ದ ಖೋಲಿ ಖಾಲಿ ಮಾಡಿಸಿದೆ.

"ಎಲ್ಲಿಗೆ ಹೋಗೂಣ್ರಿ ಧಣಿ?" ಅಂದ್ಲು ಹುಲಿಗವ್ವ.

ನಿನಗರೆ ಕಣ್ಣದಾವಲ್ಲ, ಹಾದಿ ನೋಡ್ಕೋ ಅಂದೆ.

ಪಂಪಾವತಿ ಬಾಗಿಲಾಗ ನಿಂತು ಕೇಳಿಸ್ಕೊಂಡ್ಲು.

ಮಂಗಳವಾರ, 12

ಪಂಪಾವತಿ ಇಲ್ಲ. ಅವರ ಜೋಡಿ ಹೋಗ್ಯಾಳ. ನಡಕೊಂತ.

ಬುಧವಾರ, 10 ಮಾರ್ಚ್

ಆನೆಗೊಂದಿಗೆ ಹೋಗಿದ್ದೆ, ಆಕಿ ತವರಿಗೆ. ಬಾಳಿತೋಟದ ದಂಡ್ಯಾಗ ಆದೆಪ್ಪ ಕೂತು ನಾರಿನ ಹಗ್ಗ ಹೊಸ್ಯಾಕತ್ತಿದ್ದ. ಆಕಿ ಅಣ್ಣ ದೇವೇಂದ್ರಪ್ಪ ಒಳಗ ಬಾ ಅನ್ನಲಿಲ್ಲ. ಆಕಿ ತಾನ ಹೊರಗ ಬಂದ್ಲು.

"ನಡಿ ಮನಿಗೆ" ಅಂದೆ.

"ಹೊಡದಿದ್ರ ಬರ್ತಿದ್ನೇನೋ. ಸಿಟ್ಟಿನ್ಯಾಗ ಹೊಡದ್ರು ಅನ್ಕೊಂತಿದ್ದೆ. ನೀವು ನಕ್ಕೋಂತ ಕೀಲಿ ಕೊಟ್ರಿ."

"ನಾ ನಕ್ಕಿದ್ದಿಲ್ಲ."

"ಎದುರಿಗೆ ನಾ ನಿಂತಿದ್ನಲ್ರಿ."

ನನ್ನ ದನಿ ಕೇಳಿ ಆದೆಪ್ಪ ಎದ್ದು ನಿಂತು ಕೈ ಮುಗದ. ನಾ ಇದ್ದ ಕಡಿಗಲ್ಲ, ಖಾಲಿ ತೋಟದ ಕಡಿಗೆ. ಯಾಕ ಮುಗದನೋ. ಹಾದೀಗುಂಟ ಅದ ತಲ್ಯಾಗ... ಸಾಕು.

ಬುಧವಾರ, 19 ಮೇ

ಯಲಬುರ್ಗಿ ಕಡೆ ಮಂಗಳೂರಿನ್ಯಾಗ ಅಪ್ಪ ಹೆಣ್ಣು ಗೊತ್ತು ಮಾಡಿದ. ವಿರೂಪಾಕ್ಷಮ್ಮ ಅಂತ. ಮೊದಲಿನಾಕಿ ಯಾಕ ಹೋದ್ಲು ಅಂತ ಬೀಗರು ಯಾರೂ ಕೇಳಲಿಲ್ಲ. ಮೋಟಾರ್ ಖರೇನ ಓಡತೈತೇನ್ರಿ ಅಂತ ಕೇಳಿದ್ರು.

ಸೋಮವಾರ, 14 ಜೂನ್

ಹೊಸ ಹೇಂತಿಗೆ ಮಾತು ಭಾಳ. ಅಂಜಿಕಿ ಇಲ್ಲ. ಊರ ಮಂದಿ ಇನ್ನೂ ಏನೂ ಹೇಳಿಲ್ಲ ಅನಸತೈತಿ. ಇವತ್ತು ತಾನ ಶೆಡ್ಡಿಗೆ ಬಂದು "ನನಗೂ ಕಲಸ್ರಿ" ಅಂದ್ಲು. ಕೂಡಿಸಿದೆ. ಕೈ ಮ್ಯಾಲ ಕೈ ಇಟ್ಟು ತೋರಿಸಿದೆ. ಎರಡು ಸುತ್ತಾದ ಮ್ಯಾಲ ನನ್ನ ಕೈ ಸರಿಸಿದ್ಲು. ಒಬ್ಬಾಕಿನ ಹೊಳ್ಳಿಸಿದ್ಲು. ಜಿನ್ನಿನವರೆಲ್ಲ ಕೆಲಸ ಬಿಟ್ಟು ನೋಡಾಕತ್ತಿದ್ರು. ಛಲೋ ಹೊಳ್ಳಿಸಿದ್ಲು. ಭಾಳ ಛಲೋ.

"ನಾಳೆ ಕೊಪ್ಪಳದ ತನಕ ನಾನ ಒಯ್ತೀನಿ, ಹೌದಲ್ರಿ?"

ಹೂಂ ಅಂದೆ.

ಇರೂ ಚಾರ್ಜ್ ಗುಡ್ಡದ ಏರಿನ್ಯಾಗ ಮುಗೀತೈತಿ. ಪಕ್ಕೀರಪ್ಪ ವಾಯರ್ ಹಿಡಕೊಂಡು ಬಾಗಿಲಿಗೆ ಬಂದು ನಿಂತಾನ. ಚಾರ್ಜಿಗೆ ಹಚ್ಚಲೇನ್ರಿ ಧಣಿ ಅಂತ ಕೇಳಾಕತ್ತಾನ. ನಾ...