ಕನ್ನಡಿ ಡಿಸ್ಕು, ಕಸದ ಫೋಲ್ಡರು

ಮಾರ್ಚ್ 3, ಸೋಮವಾರ

ಹಳೇ ಡಿಸ್ಕು ಮತ್ತೆ ಕಟಕಟ ಎನ್ನುತ್ತಿದೆ. ಅಕ್ಕ ಡಬ್ಬಿಂಗ್ ಮಾಡಿದ್ದೆಲ್ಲ ಅದರಲ್ಲೇ – ರಾಣಿ, ನರ್ಸು, ಮಾತಾಡುವ ಬೆಕ್ಕು. ಅವಳದು ಧ್ವನಿ, ನನ್ನದು ಎಡಿಟಿಂಗು. ಸ್ಟುಡಿಯೋ ಎಂದರೆ ನಾವಿಬ್ಬರೇ. ಮುಂದಿನ ವಾರ ಅವಳ ಗಂಟಲಿಗೆ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಆಮೇಲೆ ಅವಳ ಧ್ವನಿ ಇರುವುದು ಈ ಡಿಸ್ಕಿನಲ್ಲಿ ಮಾತ್ರ.

ಮಾರ್ಚ್ 4

ಡಿಸ್ಕ್ ಅಂಗಡಿಗೆ ಹೋದೆ. ನಾಲ್ಕು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ‘ರೇಡ್’ ಮಾಡಿಸಬೇಕು. “ರೇಡಾ? ಪೊಲೀಸ್ರು ಬರ್ತಾರಾ?” – ಹೊರಡುವಾಗ ಅಕ್ಕನ ತಮಾಷೆ.

ಅಂಗಡಿಯವನು ಬಿಡಿಸಿ ಹೇಳಿದ. “ಫೈಲನ್ನ ತುಂಡು ಮಾಡಿ ನಾಲ್ಕಕ್ಕೂ ಹಂಚಿದ್ರೆ ಗಾಳಿ ಥರ ಓಡುತ್ತೆ ಮೇಡಂ. ಒಂದು ಕೆಟ್ರೆ ಎಲ್ಲಾ ಗೋವಿಂದ. ಎರಡೆರಡು ಜೋಡಿ ಮಾಡಿ ಕನ್ನಡಿ ಹಾಕಿದ್ರೆ, ಅಂದ್ರೆ ಒಂದ್ರಲ್ಲಿರೋದೇ ಇನ್ನೊಂದ್ರಲ್ಲೂ ಇದ್ರೆ, ಸ್ಪೀಡೂ ಪರವಾಗಿಲ್ಲ, ಒಂದು ಸತ್ರೂ ಅದ್ರ ಜೋಡಿ ಇರುತ್ತೆ. ಆದ್ರೆ ಅರ್ಧ ಜಾಗ ಮರೆತುಬಿಡಿ.”

ಕನ್ನಡಿಯೇ ಇರಲಿ ಎಂದೆ. ಇಂಥದ್ದರಲ್ಲಿ ಜುಗ್ಗತನ ಮಾಡಬಾರದು.

ಮಾರ್ಚ್ 6

ಎಲ್ಲ ಕಾಪಿ ಆಯಿತು. ಆಗುತ್ತಿದ್ದಂತೆ ಹಳೆಯದು ಕಣ್ಣು ಮುಚ್ಚಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೈಕ್ ಮುಂದೆ ಕೂತು ನಿನ್ನದೇ ಮಾತು ಏನಾದರೂ ಆಡು ಎಂದು ಅಕ್ಕನನ್ನು ಕೇಳಿದೆ. “ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಸಾಲ್ದಾ ಗುಬ್ಬಿ? ಎಲ್ಲಾ ಇದ್ಯಲ್ಲ ಅದ್ರಲ್ಲಿ. ನೋವಾಗುತ್ತೆ ಕಣೇ.” ಒತ್ತಾಯ ಮಾಡಲಿಲ್ಲ.

ಮಾರ್ಚ್ 8, ಶನಿವಾರ

ಹೊಸ ಜಾಹೀರಾತಿನ ಕೆಲಸ. ಜಾಗ ಸಾಲದು. ‘ಕಸ’ ಫೋಲ್ಡರ್ ಗುಡಿಸಿದೆ – ತಪ್ಪಿದ ಟೇಕು, ಕೆಮ್ಮು, ಮಧ್ಯದ ಹರಟೆ, ವರ್ಷಗಳಿಂದ ತುಂಬಿಕೊಂಡದ್ದು. ಜಾಗ ಸಾಲದಾಗ ಮೊದಲು ಅದನ್ನೇ ಗುಡಿಸುವುದು ನಮ್ಮ ಪದ್ಧತಿ. ಒಂದು ಬಟನ್, ಅಷ್ಟೇ. ಕೆಲಸ ಶುರು.

ಮಾರ್ಚ್ 21

ಅಕ್ಕ ಮನೆಗೆ ಬಂದಳು. ಕತ್ತಿನ ಸುತ್ತ ಬ್ಯಾಂಡೇಜು. ಮನೆಯಲ್ಲಿ ಈಗ ನನ್ನ ಮಾತೊಂದೇ ಕೇಳುತ್ತದೆ. ಒಂದೇ ಸಮನೆ ವಟಗುಟ್ಟುತ್ತೇನೆ, ಸುಮ್ಮನಾದರೆ ಫ್ರಿಜ್ಜಿನ ಸದ್ದು. ಇಷ್ಟು ಒಂಟಿ ಎನಿಸಿದ್ದು ಇದೇ ಮೊದಲು... ಅವಳು ಎದುರಿಗೇ ಇದ್ದಾಳೆ.

ಮಾರ್ಚ್ 23

ಅವಳ ಧ್ವನಿ ಕೇಳಬೇಕೆನಿಸಿ ಹೆಡ್‌ಫೋನ್ ಹಾಕಿಕೊಂಡೆ. ರಾಣಿ ಆಜ್ಞೆ ಮಾಡಿದಳು. ನರ್ಸು ಸಮಾಧಾನ ಹೇಳಿದಳು. ಬೆಕ್ಕು ನಕ್ಕಿತು. ಅಕ್ಕ ಇಲ್ಲ. ನನ್ನನ್ನು ಬೈಯುವ ಅಕ್ಕ, “ಅಯ್ಯೋ ತಪ್ಪೋಯ್ತು, ಇನ್ನೊಂದ್ಸಲ ಹೇಳ್ತೀನಿ” ಎನ್ನುವ ಅಕ್ಕ – ಅವಳಿದ್ದದ್ದು ಕಸದಲ್ಲಿ.

ಅಂಗಡಿಯವನಿಗೆ ಫೋನ್ ಮಾಡಿದೆ. ಕನ್ನಡಿ ಇದೆಯಲ್ಲ, ಜೋಡಿಯಲ್ಲಿ ಉಳಿದಿರಬೇಕಲ್ಲ?

“ಕನ್ನಡಿ ಮುಂದೆ ನೀವು ಮುಖ ಒರೆಸ್ಕೊಂಡ್ರೆ ಒಳಗಿರೋರೂ ಒರೆಸ್ಕೊಳ್ತಾರಲ್ವಾ ಮೇಡಂ? ಡಿಸ್ಕ್ ಕೆಟ್ರೆ ಉಳಿಸುತ್ತೆ. ನೀವೇ ಅಳಿಸಿದ್ರೆ ಎರಡರಲ್ಲೂ ಹೋಗುತ್ತೆ. ಈಗ ಅದ್ರ ಮೇಲೆ ಜಾಹೀರಾತೂ ಬರೆದಾಗಿದೆ... ಸಾರಿ.”

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಕ್ಕನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಮಾರ್ಚ್ 24

ಬೆಳಗಿನಿಂದ ಒಂದೊಂದೇ ಫೈಲು. ಯಾವುದಾದರೂ ಮಾತಿನ ಕೊನೆಯಲ್ಲಿ ಅವಳ ಹರಟೆ ಕತ್ತರಿಸಲು ಮರೆತಿದ್ದೇನೆಯೇ ಎಂದು. ಎಲ್ಲೂ ಮರೆತಿಲ್ಲ. ಅಷ್ಟು ನೀಟು ನನ್ನ ಕೆಲಸ. ಒಂದೇ ಒಂದು ಸಲ ‘ಗುಬ್ಬಿ’ ಎಂದು...

ಪಕ್ಕದ ಕೋಣೆಯಲ್ಲಿ ಚಪ್ಪಾಳೆ. ಮತ್ತೆ ಚಪ್ಪಾಳೆ. ಅಕ್ಕ ಕರೆಯುತ್ತಿದ್ದಾಳೆ. ನನ್ನನ್ನೇ. ಬಂದೆ ಅಕ್ಕಾ, ಬಂ–