ಇದ್ದಿಲ ಪುಡಿಯ ಡಬ್ಬಿ

ಪುಚೊಂಗ್
17 ಅಕ್ಟೋಬರ್ 2021

ಸಭೆಯ ಹಿರಿಯರಾದ ಸೈಮನ್ ಅಂಕಲ್ ಅವರಿಗೆ ಅಲ್ಬಿನಾಳ ನಮಸ್ಕಾರ.

ಚರ್ಚಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಲಸಿಕೆಯ ಸರ್ಟಿಫಿಕೇಟು ನೋಡಿ ಒಳಗೆ ಬಿಡುವ ಕೆಲಸವನ್ನು ಮುಂದಿನ ಶನಿವಾರದ ಸಬ್ಬತ್ತಿನಿಂದ ಬೇರೆ ಯಾರಿಗಾದರೂ ಕೊಡಿ. ನಿನ್ನೆ ನಿಮ್ಮ ಫೋನನ್ನೂ ನೋಡಬೇಕಾಯಿತು. ಎರಡನೆಯ ಡೋಸ್, ಜೂನ್ ಇಪ್ಪತ್ತನಾಲ್ಕು ಎಂದಿತ್ತು. ನೀವು ಅದನ್ನು ಬೇಗ ಜೇಬಿಗಿಳಿಸಿದಿರಿ. ನಾನು “ಹ್ಯಾಪಿ ಸಬ್ಬತ್, ಅಂಕಲ್” ಎಂದೆ.

ನನ್ನ ಗಂಡನಿಗೆ ಜುಲೈ ಹದಿಮೂರಕ್ಕೆ ಲಸಿಕೆಯ ಸರದಿ ಬಂದಿತ್ತು. ಹಾಕಿಸಿಕೊಳ್ಳಿ ಎಂದೇ ಪಾಸ್ಟರು ಹೇಳಿದ್ದರು. ಹಿಂದಿನ ದಿನ ನೀವು ಫೋನ್ ಮಾಡಿದಿರಿ. “ಎಲ್ರಾಯ್, ಪಾಸ್ಟರ್ ಏನಾದ್ರೂ ಹೇಳ್ಲಿ. ನಮ್ಮ ದೇಹ ದೇವರ ಆಲಯ ಕಣೋ. ಮಾಂಸ ಮುಟ್ಟಲ್ಲ, ಕಾಫಿ ಕುಡಿಯಲ್ಲ, ನಮಗ್ಯಾಕೆ ಆ ಸೂಜಿ?” ಅವರು ಹೋಗಲಿಲ್ಲ.

ಆಗಸ್ಟಿನಲ್ಲಿ ಅವರಿಗೆ ಉಸಿರಾಡಲು ಕಷ್ಟವಾದಾಗ ನಿಮ್ಮ ಮನೆಯಿಂದ ಇದ್ದಿಲ ಪುಡಿ ಕಳಿಸಿ, ನೀರಲ್ಲಿ ಕಲಸಿ ಎದೆಗೆ ಕಟ್ಟು ಎಂದಿರಿ. ಎರಡು ದಿನ ಕಟ್ಟಿದೆ. ಮೂರನೆಯ ದಿನ ಆಂಬುಲೆನ್ಸಿನ ತಮಿಳು ಹುಡುಗಿ ಅವರ ಎದೆಯ ಕಪ್ಪು ಒರೆಸುತ್ತ, “ಎನ್ನಕ್ಕಾ ಇದು?” ಎಂದು ಕೇಳಿದಳು. ಅವರು ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.

ಮುಂದಿನ ಆರೋಗ್ಯ ಸಭೆಯಲ್ಲಿ ಎಲ್ರಾಯ್ ಅವರ ನಂಬಿಕೆಯ ಬಗ್ಗೆ ನಾಲ್ಕು ಮಾತಾಡು ಎಂದಿದ್ದೀರಿ. ಆಗಲಿ. ನಾನು ತಾರೀಖುಗಳನ್ನಷ್ಟೇ ಓದುತ್ತೇನೆ. ನೀವು ಮುಂದಿನ ಸಾಲಿನಲ್ಲಿ ಕುಳಿತಿರಬೇಕು.

ಇದ್ದಿಲ ಡಬ್ಬಿಯನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ. ಅರ್ಧ ಉಳಿದಿದೆ. ಎಷ್ಟು ವರ್ಷದಿಂದ ನಿಮ್ಮ ಮನೆಯಲ್ಲಿತ್ತೋ ಗೊತ್ತಿಲ್ಲ, ಆದರೆ ಅದರ ಸೀಲು ಹಾಗೇ ಇತ್ತು, ಒಡೆದವಳು ನಾನು.

ಇಂತಿ,
ಎಲ್ರಾಯ್ ಅವರ ಹೆಂಡತಿ
ಅಲ್ಬಿನಾ