ಚಿಕ್ಕಪ್ಪನ ಕುರ್ಚಿ

ಸೇತುವೆ ಪಕ್ಕದ ಕ್ಷೌರದಂಗಡಿಯಿಂದ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಮಗನೇ,

ಸಿಟ್ಟು ನೆತ್ತಿಗೇರಿದ್ದರೂ "ಪ್ರೀತಿಯ" ಅಂತ ಬರೆಯದೆ ಇರಲು ಕೈ ಒಪ್ಪಲಿಲ್ಲ, ಏನು ಮಾಡಲಿ. ಆರೋಗ್ಯವೇ? ಆ ಒಣಕೆಮ್ಮು ಹೋಯಿತೇ? ಮಲಗುವಾಗ ಕತ್ತಿಗೆ ಬಟ್ಟೆ ಸುತ್ತಿಕೊಳ್ಳಬೇಕಂತೆ, ನಿನ್ನ ಅಮ್ಮ ಬರೆಯಲು ಹೇಳಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ನನ್ನ ಕತ್ತರಿ ಇನ್ನೂ ನಡೆಯುತ್ತಿದೆ. ಕ್ಷೇಮಸಮಾಚಾರ ಇಷ್ಟೇ. ಇನ್ನು ನಿನಗೆ ಬೈಯುವ ಕೆಲಸ.

ಫೋನಿನಲ್ಲಿ ಏನೆಂದೆ ನೀನು? "ಅಪ್ಪಾ, ಅವನ ಕೈಗೆ ಕತ್ತು ಕೊಡ್ಬೇಡ. ಅವನನ್ನ ಅಂಗಡಿಯಿಂದ ಹೊರಗೆ ಹಾಕು, ಆಮೇಲೆ ನಾನು ಮನೆಗೆ ಬರ್ತೀನಿ." ಅವನು! ರಕ್ತಸಂಬಂಧ ಇಲ್ಲದಿದ್ದರೂ ಚಿಕ್ಕಪ್ಪ, ಚಿಕ್ಕಪ್ಪ ಅಂತ ಕರೆಯುತ್ತಾ ಹಿಂದೆ ಸುತ್ತುತ್ತಿದ್ದವನ ಬಾಯಲ್ಲಿ ಅವನು! ನನ್ನ ಜೊತೆ ಸೇರಿ ಈ ಅಂಗಡಿಗೆ ಎರಡು ಕುರ್ಚಿ ತಂದು ಹಾಕಿದವನು ಕಣೋ. ನಿನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವನೂ ಅವನೇ, ನನಗೆಲ್ಲಿತ್ತು ಅಷ್ಟು ತಾಳ್ಮೆ. ನೀನು ಅವನ ಕಿವಿಯನ್ನೇ ಕತ್ತರಿಸಿದಾಗ "ಇನ್ನೊಂದಿದೆಯಲ್ಲ, ಮುಂದುವರಿಸು" ಅಂದು ನಕ್ಕಿದ್ದ. ಅವನು ಸೇತುವೆ ಆಚೆಯವನು, ಮನೆಯಲ್ಲಿ ಬೇರೆ ಭಾಷೆ ಆಡುತ್ತಾನೆ ಅನ್ನುವುದು ನಿನಗೆ ಈಗ ಹೊಸದಾಗಿ ಗೊತ್ತಾಯಿತೇ?

ಗಲಾಟೆ ಶುರುವಾದದ್ದಾದರೂ ಯಾವುದರಿಂದ? ನೀರಿನ ಟ್ಯಾಂಕಿಗೆ ಅವರು ವಿಷ ಹಾಕಿದ್ದಾರೆ ಅಂತ ಈಚೆ ನಾವು ಕೂಗಿದೆವು. ಅದೇ ಟ್ಯಾಂಕಿಗೆ ನಾವು ವಿಷ ಹಾಕಿದ್ದೇವೆ ಅಂತ ಆಚೆ ಅವರು ಕೂಗಿದರು. ಎರಡು ಕಡೆಯವರೂ ಕುಡಿಯುವುದು ಅದೇ ನೀರು! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬನಾದರೂ ಹೋಗಿ ಟ್ಯಾಂಕು ನೋಡಿದನೇ? ಆ ಸಂಜೆ ಚಿಕ್ಕಪ್ಪನ ಮನೆ ಸುಟ್ಟುಹೋಯಿತು. ಚಿಕ್ಕಮ್ಮನ ಹೊಲಿಗೆ ಯಂತ್ರ ಸುಟ್ಟು ಕರಕಲಾಗಿ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದೆ. ಮರುವಾರವೇ ನೀನು ದೂರದ ಕೆಲಸ ಸಿಕ್ಕಿತು ಅಂತ ಪೆಟ್ಟಿಗೆ ಕಟ್ಟಿದೆ. ಚಿಕ್ಕಪ್ಪನಿಗೆ ಒಂದು ಮಾತು ಹೇಳಿ ಹೋಗಲಿಲ್ಲ. ಪ್ರಾಯದ ಹುಡುಗ, ಹೆದರಿದ್ದಾನೆ ಅಂದುಕೊಂಡೆ.

ನಿನ್ನ ಫೋನಿನ ಪ್ರತಾಪ ಕೇಳು. ಅಂಗಡಿ ತೆರೆದ ಕೂಡಲೇ ಮೊದಲು ಅವನು ನನ್ನ ಗಡ್ಡ ತೆಗೆಯುವುದು, ಆಮೇಲೆ ನಾನು ಅವನದು, ಅದಾದ ಮೇಲೆಯೇ ಗಿರಾಕಿ. ನಮ್ಮ ಈ ಪದ್ಧತಿ ನಿನಗೆ ಗೊತ್ತೇ ಇದೆ. ಮನೆ ಸುಟ್ಟ ಮೇಲೂ ಅದು ತಪ್ಪಿರಲಿಲ್ಲ. ನೀನು ಫೋನ್ ಮಾಡಿದ ಮರುದಿನ ನಾನು ಮನೆಯಲ್ಲೇ ಕನ್ನಡಿ ಮುಂದೆ ನಿಂತು ಕತ್ತಿ ಹಿಡಿದೆ. ಊರಿಗೆಲ್ಲ ಕ್ಷೌರ ಮಾಡುವವನಿಗೆ ತನ್ನದನ್ನು ತಾನು ಮಾಡಿಕೊಂಡು ಅಭ್ಯಾಸವೆಲ್ಲಿದೆ? ದವಡೆಯ ಕೆಳಗೆ ಕೊಯ್ದುಕೊಂಡೆ. ಹತ್ತಿ ಅಂಟಿಸಿಕೊಂಡು ಅಂಗಡಿಗೆ ಹೋದರೆ ಚಿಕ್ಕಪ್ಪ ಆಗಲೇ ಬಂದಿದ್ದ, ಅವನ ಗಲ್ಲದ ಮೇಲೂ ಹತ್ತಿ! ಅವನಿಗೂ ಅವನ ಅಳಿಯ ನಿನ್ನ ಮಾತನ್ನೇ ಹೇಳಿದ್ದನಂತೆ, "ಮಾವಾ, ಅವನ ಕೈಗೆ ಕತ್ತು ಕೊಡ್ಬೇಡಿ." ಇಬ್ಬರೂ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲ ಗಿರಾಕಿ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಮೈ ಉರಿಯಿತು. ನಿಮ್ಮಂಥವರು ದೂರದಲ್ಲಿ ಕೂತು ಒಂದು ಮಾತು ಎಸೆಯುತ್ತೀರಿ, ರಕ್ತ ಬರುವುದು ಇಲ್ಲಿ, ನಮ್ಮ ಕೈಯಿಂದಲೇ, ನಮ್ಮ ಮುಖದಲ್ಲೇ.

ಈ ನಡುವೆ ಶಾಂತಿ ಸಮಿತಿಯವರೂ ಬಂದಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವಿಬ್ಬರೂ ಕೈ ಕುಲುಕಬೇಕಂತೆ, ಅವರು ಫೋಟೋ ತೆಗೆಯುತ್ತಾರಂತೆ. ಮನೆ ಸುಟ್ಟವರು ಯಾರು ಅಂತ ಪತ್ತೆ ಮಾಡಿದಿರಾ ಅಂದೆ. ಹಳೆಯದನ್ನೆಲ್ಲ ಕೆದಕಬಾರದು ಯಜಮಾನರೇ ಅಂದರು. ಹೊರಗೆ ನಡೀರಿ ಅಂದೆ. ಕೀವು ಒಳಗಿಟ್ಟು ಮೇಲೆ ಪಟ್ಟಿ ಕಟ್ಟಿದರೆ ಗಾಯ ಮಾಯುತ್ತದೆಯೇ?

ನಾನು ಮಾಡಿದ್ದು ಇಷ್ಟೇ. ಚಿಕ್ಕಪ್ಪನ ಕುರ್ಚಿಯನ್ನು ಬೀದಿಯ ಕಡೆಯ ಗಾಜಿನ ಪಕ್ಕಕ್ಕೆ ಎಳೆದೆ, ಪರದೆ ಕಿತ್ತೆ, ಕೂತು ಕತ್ತು ಎತ್ತಿದೆ. ಈಗ ದಿನಾ ಬೆಳಿಗ್ಗೆ ಅಲ್ಲೇ, ಎಲ್ಲರ ಕಣ್ಣೆದುರಿಗೇ. ಮೊದಮೊದಲು ಜನ ಯಾವಾಗ ಕತ್ತು ಕೊಯ್ಯುತ್ತಾನೋ ಅಂತ ಕಾಯುತ್ತಾ ನಿಂತರು. ಏನೂ ಆಗದೆ ಬೇಜಾರಾಗಿ ಹೋದರು. ನಮ್ಮ ಕಡೆಯವರು ಇವತ್ತಿಗೂ ನನ್ನ ಕುರ್ಚಿಗೇ ಕಾಯುತ್ತಾರೆ, ಅವನದು ಖಾಲಿ ಇದ್ದರೂ. ಮೊನ್ನೆ ಮಾತ್ರ ಬಸ್ಸಿನ ಕಂಡಕ್ಟರ್ "ನನಗೆ ಹೊತ್ತಾಯ್ತು, ಯಾರಾದ್ರೇನು" ಅಂತ ಅವನ ಕುರ್ಚಿಯಲ್ಲಿ ಕೂತುಬಿಟ್ಟ. ಕಂಡಕ್ಟರನದು ದೊಡ್ಡ ಮನಸ್ಸೇನಲ್ಲ, ಬಸ್ಸು ತಪ್ಪಬಾರದಿತ್ತು ಅಷ್ಟೇ. ಸದ್ಯಕ್ಕೆ ನನಗೆ ಅಷ್ಟು ಸಾಕು.

ಚಿಕ್ಕಪ್ಪನನ್ನು ನಾನು ಹೊರಗೆ ಹಾಕುವುದಿಲ್ಲ. ನೀನು ಬಾರದಿದ್ದರೂ ಸರಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ಪೂರ್ತಿ ಇದೆ, ನನ್ನದರಲ್ಲಿ ಅರ್ಧ ತಡೆದಿಟ್ಟಿದ್ದೇನೆ.

ಇಂತಿ,
ನಿನ್ನ ಅಪ್ಪ

ಮರೆತಿಲ್ಲ, ಕೊನೆಗೆ ಇಟ್ಟಿದ್ದೆ: ಇವತ್ತು ಬೆಳಿಗ್ಗೆ ನನ್ನ ಗಂಟಲ ಮೇಲೆ ಕತ್ತಿ ಇರುವಾಗ ನಿನ್ನ ಚಿಕ್ಕಪ್ಪ ಹೇಳಿದ, "ಆವತ್ತು ನಮ್ಮನೆ ಮುಂದೆ ನಿಮ್ಮ ಹುಡುಗನೂ ಇದ್ದ. ಕೈಯಲ್ಲಿ ಸೀಮೆಎಣ್ಣೆ ಡಬ್ಬ ಇತ್ತು. ನನ್ನ ನೋಡಿ ತಲೆ ತಗ್ಗಿಸಿದ." ಹೇಳಿ ಕ್ಷೌರ ಮುಗಿಸಿದ, ಒಂದು ಗೀರೂ ಬೀಳಲಿಲ್ಲ. ಇದೆಲ್ಲ ಗೊತ್ತಿದ್ದೂ ಇಷ್ಟು ದಿನ ನನ್ನ ಗಡ್ಡ ತೆಗೆದಿದ್ದಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆದರಿದ್ದು ಅವನ ಕೈಗಲ್ಲ, ನಿನ್ನ ಕೈ ಮಾಡಿದ್ದಕ್ಕೆ. ಕ್ಷಮಿಸುತ್ತೇನೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಗಡ್ಡ ಬಿಟ್ಟಿದ್ದಾನಾ?" ಅಂದ. ಗೊತ್ತಿಲ್ಲ ಅಂದೆ. "ಬಂದ್ರೆ ನಾನೇ ತೆಗೀತೀನಿ" ಅಂದ. ಬಾ. ಆಮೇಲೆ ಪೊಲೀಸ್ ಠಾಣೆಗೆ ನಾನೇ ನಿನ್ನ ಜೊತೆ ಬರುತ್ತೇನೆ. ಮೊದಲು ಗಾಜಿನ ಪಕ್ಕದ ಆ ಕುರ್ಚಿಯಲ್ಲಿ ಕೂರು. ಅಲ್ಲಿ ತಲೆ ತಗ್ಗಿಸಿದರೆ ಆಗುವುದಿಲ್ಲ, ಕತ್ತು ಎತ್ತಿಯೇ ಕೂರಬೇಕು.